ಭಾಗಮಂಡಲದ ಏರಿನಲ್ಲಿ ದನಿಯ ದಾರಿ

ಕಾವೇರಿ, ಕನ್ನಿಕೆ, ಸುಜ್ಯೋತಿ ಕೂಡುವ ಭಾಗಮಂಡಲ ಇರುವುದು ಕಣಿವೆಯಲ್ಲಿ. ಇಲ್ಲಿಂದ ತಲಕಾವೇರಿಗೆ 8 ಕಿ.ಮೀ. ಏರುದಾರಿ. ನಡೆದು ಹೊರಟ ಮಕ್ಕಳು ಮೊದಲ ತಿರುವು ದಾಟಿದರೆ ಸಾಕು, ಸಂಗಮದ ಬಳಿ ಕಾದಿರುವ ಹೆತ್ತವರಿಗೆ ಕಳವಳ. ಮೊಬೈಲ್ ಸಂಕೇತ ಸಿಗದ ಕಡೆ ಕೈಯಲ್ಲಿ ಹಿಡಿಯುವ ಸಿಟಿಜನ್ ಬ್ಯಾಂಡ್ ರೇಡಿಯೊ, ಅಂದರೆ ಸಿಬಿ, ನೆರವಾದೀತು.

27 ಮೆಗಾಹರ್ಟ್ಸ್ ಆಸುಪಾಸಿನ ಈ ಪಟ್ಟಿಯಲ್ಲಿ 5 ವಾಟ್‌ವರೆಗಿನ, ಆಂಟೆನಾ ಕೂಡಿಕೊಂಡೇ ಇರುವ ಉಪಕರಣಗಳಿಗೆ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ಸಿಕ್ಕಿತು. ಹಾಗಾಗಿ ಆಂಟೆನಾದ ಆಯ್ಕೆ ಅಂಗಡಿಯಲ್ಲೇ ಆಗಬೇಕು. ಈ ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲುಭಾಗದ ಆಂಟೆನಾ ಎಂದರೂ 2.75 ಮೀಟರ್, ಹೊತ್ತು ನಡೆಯಲಾಗದು. ಅದಕ್ಕೇ ತಂತಿಯನ್ನು ಸುರುಳಿ ಸುತ್ತಿ ಗಿಡ್ಡ ಮಾಡುತ್ತಾರೆ. ಗಿಡ್ಡವಾದದ್ದು ಪೊದೆಗೆ ಸಿಕ್ಕಿಕೊಳ್ಳದು, ಆದರೆ ದನಿ ಕುಗ್ಗುತ್ತದೆ. ನಡೆಯುವಾಗ ಮಡಚಿ, ಮಾತಾಡುವಾಗ ಪೂರ್ತಿ ಎಳೆದು ನೆಟ್ಟಗೆ ಹಿಡಿಯುವ ಆಂಟೆನಾ ಮೇಲು. ಗುಡುಗಿದರೆ ಅದನ್ನು ಕೂಡಲೇ ಮಡಚಬೇಕು.

ನಡುವೆ ಗುಡ್ಡ ಅಡ್ಡ ಬಂದರೆ ಯಾವ ಆಂಟೆನಾವೂ ಸಾಲದು. ಕಣಿವೆ ಕಾಣುವ ತಿರುವಿನಲ್ಲಿ ನಿಂತು, ಮೊದಲೇ ಗೊತ್ತುಮಾಡಿಕೊಂಡ ಹೊತ್ತಿಗೆ ಕರೆಯಬೇಕು. ಇನ್ನು ಮಳೆಗಾಲದಲ್ಲಿ ಏರದಿರುವುದೇ ಜಾಣತನ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆಯನ್ನೇ ಕೊಚ್ಚಿಕೊಂಡು ಹೋಗಿತ್ತು.