ನೇತ್ರಾಣಿಯ ಕೆಂಪು

ದೀಪಾವಳಿ ಕಳೆಯಿತೆಂದರೆ ಮುರ್ಡೇಶ್ವರದ ಕಡಲು ನಿಧಾನವಾಗಿ ತಿಳಿಯಾಗತೊಡಗುತ್ತದೆ. ಮಳೆಗಾಲವಿಡೀ ಹೊಳೆಗಳು ತಂದು ಸುರಿದ ಮಣ್ಣು ತಳ ಸೇರುತ್ತದೆ, ಅಲೆಗಳ ಅಬ್ಬರ ಇಳಿಯುತ್ತದೆ, ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ದೋಣಿಗಳು ಮತ್ತೆ ಹೊರಡುತ್ತವೆ. ನೀರು ಇನ್ನಷ್ಟು ಸ್ವಚ್ಛವಾಗಲು ಡಿಸೆಂಬರ್, ಜನವರಿಯವರೆಗೆ ಕಾಯಬೇಕು. ನಾನು ಬೇಕೆಂದೇ ನವೆಂಬರ್ ಆರಿಸಿಕೊಂಡೆ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಅದು ಹೊತ್ತು ತಂದ ಪೋಷಕಾಂಶಗಳನ್ನು ಉಂಡು ಪ್ಲಾಂಕ್ಟನ್‌ಗಳು ಹೆಚ್ಚುತ್ತವೆ, ಅವುಗಳ ಹಿಂದೆ ಸಣ್ಣ ಮೀನು, ಸಣ್ಣ ಮೀನಿನ ಹಿಂದೆ ದೊಡ್ಡದು. ಆ ಸಮೃದ್ಧಿಯ ಬಾಲ ನವೆಂಬರಿನಲ್ಲೂ ಉಳಿದಿರುತ್ತದೆ. ನೀರು ತುಸು ಮಂಕು, ಹಸಿರು ಛಾಯೆ, ಕಣ್ಣೆದುರು ತೇಲುವ ಕಣಗಳು. ನೀರೊಳಗೆ ಫೋಟೋ ತೆಗೆಯಲು ಬಳಸುವ ಸ್ಟ್ರೋಬ್ ಎಂಬ ಫ್ಲ್ಯಾಶಿನ ಬೆಳಕು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಇಂಥ ನೀರಿನಲ್ಲಿ ತಿಳಿದಷ್ಟು ಚೆನ್ನಾಗಿ ಗಾಜಿನಂಥ ನೀರಿನಲ್ಲಿ ತಿಳಿಯುವುದಿಲ್ಲ.

ಬೆಳಿಗ್ಗೆ ದೋಣಿ ಹೊರಟಾಗ 123 ಅಡಿಯ ಶಿವ, ಅವನ ಮುಂದಿನ 20 ಅಂತಸ್ತಿನ ರಾಜಗೋಪುರ ಎರಡೂ ಬಹಳ ಹೊತ್ತು ಹಿಂದೆಯೇ ನಿಂತು ನೋಡುತ್ತಿದ್ದವು. ದ್ವೀಪಕ್ಕೆ ಸುಮಾರು 19 ಕಿಲೋಮೀಟರ್, ಗಂಟೆ ಮೀರಿದ ದಾರಿ. ನಾನು ದೋಣಿಯ ನೆರಳಿನ ಮೂಲೆಯಲ್ಲಿ ಕೂತು ಕ್ಯಾಮೆರಾ ಜೋಡಿಸುತ್ತಿದ್ದೆ. ಕ್ಯಾಮೆರಾಕ್ಕೆ ನೀರು ತಾಗದಂತೆ ಕಾಯುವ ಅಲ್ಯೂಮಿನಿಯಂ ಹೌಸಿಂಗ್, ಅದರ ಎರಡು ಹಿಡಿಗಳಿಂದ ಚಾಚಿದ ಕೀಲುಗೈಗಳು, ಕೈಗಳ ತುದಿಗೆ ಒಂದೊಂದು ಸ್ಟ್ರೋಬ್. ಪ್ರತಿ ಸ್ಟ್ರೋಬಿಗೂ ನಾಲ್ಕು ಬ್ಯಾಟರಿ. ಬ್ಯಾಟರಿ ಮುಚ್ಚಳದ ರಬ್ಬರ್ ಓ-ರಿಂಗನ್ನು ತೆಗೆದು, ಬೆರಳ ತುದಿಯಿಂದ ಸವರಿ, ಒಂದು ಕೂದಲೆಳೆಯಾಗಲಿ ಮರಳ ಕಣವಾಗಲಿ ಇಲ್ಲವೆಂದು ಖಚಿತಪಡಿಸಿಕೊಂಡು, ತೆಳ್ಳಗೆ ಸಿಲಿಕೋನ್ ಗ್ರೀಸ್ ಹಚ್ಚಿ ಕೂರಿಸಬೇಕು. ಇಪ್ಪತ್ತು ಮೀಟರ್ ಆಳದಲ್ಲಿ ನೀರಿನ ಒತ್ತಡ ಮೇಲಿನದಕ್ಕಿಂತ ಮೂರು ಪಟ್ಟು. ಒಂದು ಕೂದಲೆಳೆಯ ಸಂದು ಸಿಕ್ಕರೆ ಸಾಕು, ಉಪ್ಪುನೀರು ಒಳಗೆ.

ಚುಕ್ಕಾಣಿ ಹಿಡಿದಿದ್ದವರು ಹಳೆಯ ಮೀನುಗಾರರು. ನನ್ನ ಸಾಮಾನುಗಳನ್ನೆಲ್ಲ ನೋಡಿ ಅವರು ಕೇಳಿದ ಪ್ರಶ್ನೆ ನನಗೆ ತುಂಬ ಹಿಡಿಸಿತು. "ಕೆಳಗೆ ಹೋದವ್ರೆಲ್ಲ ನೀಲಿ ಫೋಟೋನೇ ತರ್ತಾರೆ. ನಮ್ಮ ಬಲೆಗೆ ಬರೋ ಮೀನು ಹಾಂಗಿಲ್ಲ ಮಾರಾಯ್ರೆ. ಒಳ್ಳೆ ಕೆಂಪು ಇರ್ತದೆ. ಅದು ಎಲ್ಲಿ ಹೋಗ್ತದೆ?"

ಕೆಂಪು ಎಲ್ಲಿಗೂ ಹೋಗಿರುವುದಿಲ್ಲ. ಮೀನಿನ ಮೈಮೇಲೆಯೇ ಇರುತ್ತದೆ. ಅದನ್ನು ತೋರಿಸಬೇಕಾದ ಬೆಳಕು ಮಾತ್ರ ಅಲ್ಲಿಗೆ ತಲುಪುವುದಿಲ್ಲ. ಸೂರ್ಯನ ಬಿಳಿ ಬೆಳಕು ನೀರಿಗಿಳಿಯುತ್ತಿದ್ದಂತೆ ನೀರು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಕಂದುತ್ತದೆ, ಹತ್ತು ಮೀಟರಿಗೆ ಹೆಚ್ಚುಕಡಿಮೆ ಮುಗಿದೇಹೋಗುತ್ತದೆ. ಅದರ ಹಿಂದೆ ಕಿತ್ತಳೆ, ಆಮೇಲೆ ಹಳದಿ. ಕೊನೆಗೆ ಉಳಿಯುವುದು ಹಸಿರು ಮತ್ತು ನೀಲಿ. ಆಳದಲ್ಲಿ ಬಂಡೆಗೆ ಕೈ ತರಚಿ ರಕ್ತ ಬಂದರೆ ಅದು ಕೂಡ ಹಸಿರಾಗಿಯೇ ಕಾಣುತ್ತದೆ. ಹೀಗಾಗಿ ಒಂದು ವಿಚಿತ್ರ ನಡೆಯುತ್ತದೆ: ಮೀನಿನ ಮನೆಗೇ ಹೋಗಿ ನೋಡಿದ ಡೈವರ್‌ಗೆ ಮೀನಿನ ಬಣ್ಣ ಗೊತ್ತಾಗುವುದಿಲ್ಲ, ದೋಣಿಯಲ್ಲಿ ಬಿಸಿಲಿಗೆ ಬಲೆ ಕೊಡವಿದ ಮೀನುಗಾರನಿಗೆ ಗೊತ್ತಿರುತ್ತದೆ. ಆದರೆ ಅವನಿಗೆ ಸಿಕ್ಕಿರುವುದು ಸಾಯುತ್ತಿರುವ ಮೀನು. ಬದುಕಿರುವ ಮೀನು, ಅದರ ಜಾಗದಲ್ಲೇ, ಅದರ ನಿಜವಾದ ಬಣ್ಣದಲ್ಲಿ ಕಾಣಬೇಕೆಂದರೆ ಬಿಳಿ ಬೆಳಕನ್ನು ನಾವೇ ಕೆಳಗೆ ಒಯ್ಯಬೇಕು. ಅಷ್ಟೇ ನನ್ನ ಕೆಲಸ ಎಂದು ಅವರಿಗೆ ಹೇಳಿದೆ.

ಫೋಟೋ ತೆಗೆದ ಮೇಲೆ ಕಂಪ್ಯೂಟರಿನಲ್ಲಿ ಬಣ್ಣ ಸರಿಮಾಡಬಹುದಲ್ಲ ಎಂದು ಬಹಳ ಜನ ಕೇಳುತ್ತಾರೆ. ಮೇಲ್ಮೈಗೆ ಹತ್ತಿರದಲ್ಲಿ ತೆಗೆದದ್ದಾದರೆ ಸ್ವಲ್ಪ ಮಟ್ಟಿಗೆ ಆದೀತು. ಆಳದಲ್ಲಿ ಸೆನ್ಸರಿಗೆ ಕೆಂಪು ಬಂದೇ ಇರುವುದಿಲ್ಲವಾದ್ದರಿಂದ ಅಲ್ಲಿ ಸರಿಮಾಡಲು ಏನೂ ಇರುವುದಿಲ್ಲ, ಬರೀ ಚುಕ್ಕೆ ಚುಕ್ಕೆಯ ಗದ್ದಲ ಏಳುತ್ತದೆ. ಟಾರ್ಚ್? ವಿಡಿಯೋಗೆ ಅದೇ ಬೇಕು. ಸ್ಥಿರಚಿತ್ರಕ್ಕೆ ಅದರ ಬಲ ಸಾಲದು. ಸ್ಟ್ರೋಬಿನೊಳಗಿನ ಕ್ಸೆನಾನ್ ನಳಿಕೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿ ತನ್ನ ಶಕ್ತಿಯನ್ನೆಲ್ಲ ಸುರಿದುಬಿಡುತ್ತದೆ. ಬಣ್ಣವೂ ಬರುತ್ತದೆ, ಈಜುತ್ತಿರುವ ಮೀನಿನ ಪೊರೆ ಪೊರೆಯೂ ಅಲುಗದೆ ನಿಲ್ಲುತ್ತದೆ.

ಬೇಡವಾದದ್ದೂ ಅಷ್ಟೇ ಸ್ಪಷ್ಟವಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯ ಮಂಜಿಗೆ ಕಾರಿನ ಹೈ ಬೀಮ್ ಹಾಕಿದರೆ ರಸ್ತೆ ಮಾಯವಾಗಿ ಮಂಜೇ ಬೆಳ್ಳಗೆ ಮುಖಕ್ಕೆ ರಾಚುತ್ತದಲ್ಲ, ಕ್ಯಾಮೆರಾ ಪಕ್ಕದಲ್ಲೇ ಸ್ಟ್ರೋಬ್ ಇಟ್ಟು ನೇರ ಮುಂದಕ್ಕೆ ಹೊಡೆದರೆ ನವೆಂಬರಿನ ನೇತ್ರಾಣಿಯಲ್ಲಿ ಆಗುವುದೂ ಅದೇ. ಲೆನ್ಸಿಗೂ ಮೀನಿಗೂ ನಡುವೆ ತೇಲುವ ಒಂದೊಂದು ಕಣವೂ ಬಿಳಿ ಚುಕ್ಕೆಯಾಗಿ ಚಿತ್ರದ ತುಂಬ ಉದುರುತ್ತದೆ. ನೀರೊಳಗಿನ ಛಾಯಾಗ್ರಾಹಕರು ಬ್ಯಾಕ್‌ಸ್ಕ್ಯಾಟರ್ ಎಂದು ಗೊಣಗುವುದು ಇದಕ್ಕೇ. ಹಾಗಾಗಿ ಸ್ಟ್ರೋಬ್ ಹಿಡಿದವನು ಕಲಿಯಬೇಕಾದ ಮೊದಲ ವಿದ್ಯೆ, ಬೆಳಕನ್ನು ಆ ನಡುವಿನ ನೀರಿಗೆ ಬೀಳದ ಹಾಗೆ ತಪ್ಪಿಸುವುದು.

ದ್ವೀಪದ ಮರೆಯಲ್ಲಿ ಲಂಗರು ಬಿತ್ತು. ತಲೆಯ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದೊಂದು ಸುತ್ತುತ್ತಿತ್ತು. ಮೀನುಗಾರರು ಹರಕೆಯ ಆಡುಗಳನ್ನು ಬಿಟ್ಟುಹೋಗುವ, ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಕಡಿದಾದ ಬಂಡೆಯ ದ್ವೀಪ ಇದು. ನಾವು ಅದರ ಮೇಲೆ ಕಾಲಿಡುವುದಿಲ್ಲ. ನಮ್ಮದೇನಿದ್ದರೂ ಅದರ ಬುಡ.

ಹಗ್ಗ ಹಿಡಿದು ಇಳಿದೆವು. ನನ್ನ ಉಡುಪಿನ ಮೊಣಕೈ ಬಳಿಯ ಕೆಂಪು ಪಟ್ಟಿಯನ್ನು ನೋಡುತ್ತಲೇ ಇದ್ದೆ. ಮೊದಲು ಇಟ್ಟಿಗೆಯಾಯಿತು, ಆಮೇಲೆ ಕಂದು, ತಳ ಕಾಣುವ ಹೊತ್ತಿಗೆ ಕಪ್ಪಿನ ಹತ್ತಿರ. ಹತ್ತಡಿಯಾಚೆ ಬಂಡೆಯ ಚಾಚೊಂದರ ಕೆಳಗೆ ಮಸಿ ಹಿಡಿದಂತೆ ಕಾಣುವ ಗುಬುಟುಗಳು. ಹತ್ತಿರ ಹೋದೆ, ಇನ್ನೂ ಹತ್ತಿರ ಹೋದೆ. ಈ ಕಲೆಯಲ್ಲಿ ಹತ್ತಿರ ಹೋಗುವುದಕ್ಕೆ ಬದಲಿ ಇಲ್ಲ. ಸ್ಟ್ರೋಬಿನ ಬೆಳಕು ಮೀನಿನವರೆಗೆ ಒಂದು ಮೀಟರ್ ಹೋಗಿ, ಅಲ್ಲಿಂದ ಕ್ಯಾಮೆರಾಕ್ಕೆ ಒಂದು ಮೀಟರ್ ಮರಳಿದರೆ ಒಟ್ಟು ಎರಡು ಮೀಟರ್ ನೀರನ್ನು ದಾಟಿದ ಹಾಗಾಯಿತು. ಆ ದಾರಿಯಲ್ಲೂ ನೀರು ತನ್ನ ಪಾಲಿನ ಕೆಂಪನ್ನು ಕೀಳುತ್ತಲೇ ಇರುತ್ತದೆ. ಒಂದೂವರೆ ಮೀಟರ್ ದಾಟಿದರೆ ಎಂಥ ದುಬಾರಿ ಸ್ಟ್ರೋಬಾದರೂ ಸೋಲುತ್ತದೆ. ತೋಳಳತೆಯೊಳಗೆ ಬಂದರೆ ಸಾಧಾರಣದ್ದೂ ಗೆಲ್ಲುತ್ತದೆ.

ಕೀಲುಗೈಗಳನ್ನು ಎರಡೂ ಬದಿಗೆ ಚಾಚಿ, ಸ್ಟ್ರೋಬ್‌ಗಳನ್ನು ಲೆನ್ಸಿನ ಗಾಜುಗುಮ್ಮಟಕ್ಕಿಂತ ತುಸು ಹಿಂದಕ್ಕೆ ಸರಿಸಿ, ಮೂತಿಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದೆ. ಬೆಳಕಿನ ಶಂಕುವಿನ ನಡುಭಾಗ ಪಕ್ಕಕ್ಕೆ ಹೋಗುತ್ತದೆ, ಅದರ ಮೆತ್ತನೆಯ ಅಂಚು ಮಾತ್ರ ಬಂಡೆಯನ್ನು ಸವರುತ್ತದೆ. ಲೆನ್ಸಿನ ಮುಂದಿನ ನೀರು ಕತ್ತಲಲ್ಲೇ ಉಳಿಯುತ್ತದೆ, ಅಲ್ಲಿ ಎಷ್ಟು ಕಣ ತೇಲಿದರೂ ಚಿಂತೆಯಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಮುಖಗವಸಿನ ಗಾಜಿನ ಮೂಲಕ ನೋಡುವಾಗ ವಕ್ರೀಭವನದಿಂದಾಗಿ ಎಲ್ಲವೂ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಒಂದು ಮೀಟರ್ ದೂರದ್ದು ಮುಕ್ಕಾಲು ಮೀಟರಿನಲ್ಲಿ ಇದ್ದಂತೆ. ಕಣ್ಣು ಹೇಳಿದ ಕಡೆ ಸ್ಟ್ರೋಬ್ ತಿರುಗಿಸಿದರೆ ಬೆಳಕು ವಸ್ತುವಿಗಿಂತ ಮೊದಲೇ, ಖಾಲಿ ನೀರಿನಲ್ಲಿ ಸಂಧಿಸುತ್ತದೆ. ಅದಕ್ಕೇ ಕಣ್ಣಿಗೆ ಕಂಡ ಜಾಗದ ಆಚೆಗೆ ಗುರಿಯಿಡಬೇಕು.

ಶಟರ್ ಒತ್ತಿದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಆ ಮಸಿಗುಬುಟುಗಳು ಉರಿಗಿತ್ತಳೆ. ಅವು ಟ್ಯುಬಾಸ್ಟ್ರಿಯಾ ಎಂಬ ಬಟ್ಟಲು ಹವಳಗಳು. ಹಲವು ಹವಳಗಳು ತಮ್ಮ ಮೈಯೊಳಗಿನ ಪಾಚಿಯನ್ನು ನಂಬಿ ಬಿಸಿಲಿಗೆ ಮೈಯೊಡ್ಡುತ್ತವೆ. ಇವಕ್ಕೆ ಆ ಪಾಚಿಯ ಹಂಗಿಲ್ಲ, ನೀರಿನಲ್ಲಿ ತೇಲಿ ಬರುವುದನ್ನು ಹಿಡಿದು ತಿನ್ನುತ್ತವೆ, ನೆರಳಿನಲ್ಲೇ ಬದುಕುತ್ತವೆ. ಕೆಲವು ಬಟ್ಟಲುಗಳು ಮುಚ್ಚಿ ಗುಂಡಗಿದ್ದವು. ಒಂದೆರಡು ಅರಳಿ, ನಡುವಿನ ಬಾಯಿಯ ಸುತ್ತ ತೆಳು ಹಳದಿಯ ಬೆರಳುಗಳನ್ನು ಚಾಚಿದ್ದವು. ಒಂದೊಂದು ಬೆರಳಿನ ಮೇಲೂ ಧೂಳಿನಷ್ಟು ಸಣ್ಣ ಉಬ್ಬುಗಳು. ಬರಿಗಣ್ಣಿಗೆ ಕಪ್ಪು ಕಲ್ಲಿನಂತಿದ್ದ ಜಾಗದಲ್ಲಿ ಇಷ್ಟು ಬಣ್ಣ ಯಾರಿಗೂ ಕಾಣದೆ ಕೂತಿದೆ ಎಂಬುದು ನನ್ನನ್ನು ಪ್ರತಿ ಸಲವೂ ಬೆರಗಾಗಿಸುತ್ತದೆ.

ಹಿನ್ನೆಲೆ ಮಾತ್ರ ಕಾಡಿಗೆಗಪ್ಪಾಗಿ ಬಂದಿತ್ತು. ಕಡಲಿನ ಚಿತ್ರದಲ್ಲಿ ಕಡಲೇ ಇಲ್ಲದಿದ್ದರೆ ನನಗೆ ಒಗ್ಗುವುದಿಲ್ಲ. ಸ್ಟ್ರೋಬಿನ ಮಿಂಚು ಶಟರ್ ತೆರೆದಿರುವ ಹೊತ್ತಿಗಿಂತ ಬಹಳ ಚಿಕ್ಕದು. ಹಾಗಾಗಿ ಶಟರ್ ವೇಗ ಇಳಿಸಿದರೆ ಹವಳದ ಮೇಲಿನ ಬೆಳಕು ಬದಲಾಗುವುದಿಲ್ಲ, ಹಿಂದಿನ ನೀರಿಗೆ ಮಾತ್ರ ಸೂರ್ಯ ತುಂಬಿಕೊಳ್ಳುತ್ತಾನೆ. 1/200 ಇದ್ದದ್ದನ್ನು 1/80ಕ್ಕೆ ತಂದೆ. ಕಪ್ಪು ಕರಗಿ ಹಸಿರುನೀಲಿ ಬಂತು. ಒಂದೇ ಚಿತ್ರದೊಳಗೆ ಹತ್ತಿರದ್ದಕ್ಕೆ ನನ್ನ ಬೆಳಕು, ದೂರದ್ದಕ್ಕೆ ಸೂರ್ಯನದು. ಈ ಎರಡರ ಹದ ಸಿಕ್ಕಾಗಿನ ಸಂತೋಷಕ್ಕಾಗಿಯೇ ನಾನು ಇಷ್ಟು ಭಾರ ಹೊತ್ತು ಕೆಳಗಿಳಿಯುತ್ತೇನೆ.

ಎರಡು ಡೈವ್‌ಗಳ ನಡುವೆ ದೇಹದೊಳಗಿನ ನೈಟ್ರೋಜನ್ ಇಳಿಯಲು ದೋಣಿಯಲ್ಲಿ ಕಾಯಬೇಕು. ಕಲ್ಲಂಗಡಿ ಹೋಳು, ಬಿಸಿ ಚಹಾ, ಮಾತು. ನೀರಿನೊಳಗೆ ಬೆಳಕು ಒಯ್ಯಲು ಹಿಂದಿನವರು ಪಟ್ಟ ಪಾಡನ್ನು ಜೊತೆಗಿದ್ದ ಹೊಸ ಡೈವರ್‌ಗಳಿಗೆ ಹೇಳಿದೆ. ಫ್ರಾನ್ಸಿನ ಬಾನ್ಯುಲ್ಸ್ ಕಡಲತೀರದಲ್ಲಿ 1893ರಲ್ಲಿ ಲೂಯಿ ಬೂತಾನ್ ಎಂಬ ಜೀವವಿಜ್ಞಾನಿ ನೀರೊಳಗಿನ ಚಿತ್ರಗಳನ್ನು ತೆಗೆದಾಗ ಬೆಳಕಿಗಾಗಿ ಮೆಗ್ನೀಸಿಯಂ ಉರಿಸುವ ಪ್ರಯೋಗ ಮಾಡಿದ್ದ. 1926ರಲ್ಲಿ ಫ್ಲಾರಿಡಾದ ಡ್ರೈ ಟಾರ್ಟುಗಾಸ್‌ನಲ್ಲಿ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ನೀರೊಳಗಿನ ಮೊದಲ ವರ್ಣಚಿತ್ರಗಳನ್ನು ತೆಗೆದರು. ಆ ಕಾಲದ ಆಟೋಕ್ರೋಮ್ ಎಂಬ ವರ್ಣಚಿತ್ರದ ಗಾಜಿನ ಫಲಕಕ್ಕೆ ಬೆಳಕು ಎಷ್ಟಿದ್ದರೂ ಸಾಲದು. ಅವರು ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿ ಸುರಿದು ಸಿಡಿಸಿ ಕಡಲನ್ನು ಬೆಳಗಿಸಿದರು. ಆ ಪುಡಿ ಸಿಡಿದು ಲಾಂಗ್ಲಿಗೆ ಸುಟ್ಟ ಗಾಯಗಳೂ ಆದವು. ಮರುವರ್ಷ ನ್ಯಾಷನಲ್ ಜಿಯಾಗ್ರಫಿಕ್ ಆ ಚಿತ್ರಗಳನ್ನು ಪ್ರಕಟಿಸಿತು. ಈಗ ನಮ್ಮ ಕೈಯಲ್ಲಿರುವ ವಿದ್ಯುತ್ ಮಿಂಚಿನ ದಾರಿ ಮಾಡಿಕೊಟ್ಟವರು ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್. ಗುಂಡು ಸೇಬನ್ನು ತೂರಿ ಹೋಗುವ ಪ್ರಸಿದ್ಧ ಚಿತ್ರ ಅವರದೇ. 1950ರ ದಶಕದಲ್ಲಿ ಅವರು ಕಡಲ ಅನ್ವೇಷಕ ಝಾಕ್ ಕೂಸ್ಟೋ ಅವರ ಕ್ಯಾಲಿಪ್ಸೋ ಹಡಗಿನಲ್ಲಿ ಆಳದ ಕ್ಯಾಮೆರಾ, ಫ್ಲ್ಯಾಶ್‌ಗಳನ್ನು ಕಟ್ಟಿ ಕೆಳಗಿಳಿಸಿದರು. ಹಡಗಿನವರು ಪ್ರೀತಿಯಿಂದ ಅವರನ್ನು ಪಾಪಾ ಫ್ಲ್ಯಾಶ್ ಎಂದೇ ಕರೆಯುತ್ತಿದ್ದರು.

ಅಷ್ಟರಲ್ಲಿ ಒಬ್ಬ ಹುಡುಗಿ ಕೇಳಿದಳು, "ಮೀನಿನ ಕಣ್ಣಿಗೆ ಇದು ಹಾನಿಯಲ್ಲವಾ?" ಕೇಳಲೇಬೇಕಾದ ಪ್ರಶ್ನೆ. ತಳದಲ್ಲಿ ಬದುಕುವ ಮೀನುಗಳ ಮೇಲೆ, ಕಡಲಕುದುರೆಯಂಥವುಗಳ ಮೇಲೆ ಫ್ಲ್ಯಾಶಿನ ಪರಿಣಾಮ ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಡೈವರ್ ಸುಮ್ಮನೆ ಪಕ್ಕದಲ್ಲಿರುವುದಕ್ಕಿಂತ ಹೆಚ್ಚಿನ ತೊಂದರೆ ಫ್ಲ್ಯಾಶಿನಿಂದ ಕಾಣಲಿಲ್ಲ. ಚಿತ್ರಕ್ಕಾಗಿ ಮೀನನ್ನು ಮುಟ್ಟಿ, ದೂಡಿ, ಜಾಗ ಬದಲಿಸಿದಾಗ ಮಾತ್ರ ಅವು ಜೋರಾಗಿ ಕಂಗೆಟ್ಟವು. ಹಾಗೆಂದು ಒಂದೇ ಮೀನಿನ ಮುಖಕ್ಕೆ ಮಿಂಚಿನ ಮೇಲೆ ಮಿಂಚು ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಎರಡು ಮೂರು ಚಿತ್ರ, ಆಮೇಲೆ ದೂರ ಸರಿಯಬೇಕು. ಬೆಳಕಿಗಿಂತ ನನಗೆ ಭಯ ನಮ್ಮ ಕಾಲಿನ ಈಜುರೆಕ್ಕೆಗಳದ್ದು. ಕಣ್ಣು ಪರದೆಯಲ್ಲಿ ನೆಟ್ಟಿರುತ್ತದೆ, ಹಿಂದೆ ಕಾಲು ಬಡಿದು ವರ್ಷಗಟ್ಟಲೆ ಬೆಳೆದ ಹವಳ ಮುರಿದಿರುತ್ತದೆ. ನೀರಿನಲ್ಲಿ ಅಲುಗದೆ ತೇಲಿ ನಿಲ್ಲಲು ಬಾರದವರು ಕ್ಯಾಮೆರಾ ಒಯ್ಯಲೇಬಾರದು.

ಎರಡನೆಯ ಡೈವ್‌ನಲ್ಲಿ ಬಂಡೆಯ ಬಿರುಕೊಂದರೊಳಗೆ ಸೋಲ್ಜರ್ ಮೀನುಗಳ ಗುಂಪು ಸಿಕ್ಕಿತು. ದೊಡ್ಡ ಕಣ್ಣು, ಬೂದು ಮೈ, ಒತ್ತೊತ್ತಾಗಿ ನಿಂತಿದ್ದವು. ಬಿರುಕು ಇಕ್ಕಟ್ಟಾಗಿದ್ದರಿಂದ ಕೈಗಳನ್ನು ಚಾಚಲು ಜಾಗವಿರಲಿಲ್ಲ. ಬಲಗಡೆಯ ಸ್ಟ್ರೋಬ್ ಆರಿಸಿ ಎಡಗಡೆಯದೊಂದನ್ನೇ ಮೇಲಿನಿಂದ ಓರೆಯಾಗಿ ಬಿಟ್ಟೆ. ಎರಡೂ ಕಡೆಯಿಂದ ಸಮನಾಗಿ ಬೆಳಗಿದರೆ ಮೀನು ಚಪ್ಪಟೆಯಾಗುತ್ತದೆ. ಒಂದೇ ಕಡೆಯ ಬೆಳಕಿಗೆ ಹೊಟ್ಟೆಯ ಕೆಳಗೆ ನೆರಳು ಕೂತು ಮೈಗೆ ದುಂಡು ಬರುತ್ತದೆ. ಬಂತು. ಬೂದು ಮೀನುಗಳೆಲ್ಲ ದಾಸವಾಳಗೆಂಪು, ಪೊರೆಯ ಅಂಚಿನಲ್ಲಿ ಬೆಳ್ಳಿ, ಕಿವಿರಿನ ಹಿಂದೆ ಒಂದು ಗಾಢ ಪಟ್ಟಿ. ಈ ಕೆಂಪು ಅವುಗಳಿಗೆ ಅಡಗುವ ಉಪಾಯ. ಕೆಂಪು ಬೆಳಕೇ ಇಲ್ಲದ ಆಳದಲ್ಲಿ ಕೆಂಪು ಮೈ ಎಂದರೆ ನೆರಳಿನೊಳಗೆ ನೆರಳು.

ಮೇಲೆ ಬಂದು ಚುಕ್ಕಾಣಿಯವರಿಗೆ ಪರದೆ ತೋರಿಸಿದೆ. ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿ, "ಹಾಂ, ಇದೇ ಬಣ್ಣ" ಎಂದರು. ಆಮೇಲೆ ಇನ್ನೊಂದು ಕೆಲಸ ಒಪ್ಪಿಸಿದರು. ದ್ವೀಪದ ತೆಂಕಣ ಮಗ್ಗುಲಿನಲ್ಲಿ ಬಲೆಗಳು ಸಿಕ್ಕಿಕೊಳ್ಳುವ ಒಂದು ಬಂಡೆಯಿದೆಯಂತೆ. ಹಗ್ಗದ ಎಳೆತದಿಂದ ಮಾತ್ರ ಅವರಿಗೆ ಅದರ ಪರಿಚಯ. ಅದು ಹೇಗಿದೆ, ಹರಿದ ಬಲೆ ಎಷ್ಟು ಉಳಿದಿದೆ, ಅದರಲ್ಲಿ ಮೀನು ಸಿಕ್ಕಿ ಸಾಯುತ್ತಿದೆಯೇ ನೋಡಬೇಕು ಎಂದರು. ಅಷ್ಟು ದೊಡ್ಡ ಬಂಡೆಯನ್ನು ಬೆಳಗುವುದು ಎರಡು ಸ್ಟ್ರೋಬ್‌ಗಳ ಕೈಲಾಗದ ಕೆಲಸ. ಇಡೀ ಬಂಡೆಗೆ ಸೂರ್ಯನೇ ಬೇಕು, ಬಲೆಯ ಗಂಟುಗಳಿಗೆ ಮತ್ತು ಸಿಕ್ಕ ಮೀನಿಗೆ ಮಾತ್ರ ನನ್ನ ಬೆಳಕು. ಮರುದಿನ ಹೊತ್ತು ನೆತ್ತಿಗೆ ಬರುವಾಗ ನೀರಿಗಿಳಿಯುವ ಹಾಗೆ ದೋಣಿಯನ್ನು ತಡವಾಗಿ ಹೊರಡಿಸುವುದೆಂದು ಮಾತಾಯಿತು. ದಡ ಮುಟ್ಟಿದ ಮೇಲೆ ಸ್ಟ್ರೋಬ್‌ಗಳನ್ನು ಸಿಹಿನೀರಿನ ತೊಟ್ಟಿಯಲ್ಲಿ ನೆನೆಸಿ, ಉಪ್ಪು ಬಿಡಿಸಿ, ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿದೆ.