ಗುರುವಾರದ ಲೆಕ್ಕ

ಗುರುವಾರ ಸಂಜೆ ಏಳಕ್ಕೆ ನಮ್ಮ ಹಾಲಿನಲ್ಲಿ ಚಾಪೆ ಹಾಸುತ್ತೇವೆ. ಎಂಟು ಜನ, ಎರಡು ಹಾಡು, ಒಂದು ವಾಕ್ಯಭಾಗ, ಕೊನೆಗೆ ಚಹಾ. ಕೂಟ ನಡೆಸುವವನು ನಾನು. ಆ ದಿನ ಮತ್ತಾಯ 18ನೇ ಅಧ್ಯಾಯ: ಹತ್ತು ಸಾವಿರ ತಲಾಂತು ಸಾಲ ಮನ್ನಾ ಆದ ಸೇವಕ, ನೂರು ದೀನಾರಿಗಾಗಿ ಜೊತೆಯವನ ಕುತ್ತಿಗೆ ಹಿಡಿದ ಕಥೆ. ಒಂದು ದೀನಾರಿ ಅಂದರೆ ಒಂದು ದಿನದ ಕೂಲಿ, ಒಂದು ತಲಾಂತು ಅಂದರೆ ಸುಮಾರು 6,000 ದೀನಾರಿ ಎಂದು ಹುಮ್ಮಸ್ಸಿನಿಂದ ಲೆಕ್ಕ ಬಿಡಿಸಿದೆ. ಪಿಯುಸಿ ಹುಡುಗ ಕೇಳಿದ: 'ಅಂಕಲ್, ನೀವು ಯಾರ ಸಾಲ ಬಿಟ್ಟಿದ್ದೀರಿ?'

ಗಂಟಲು ಒಣಗಿತು. ಆಸ್ತಿ ಪಾಲಾದ ಮೇಲೆ ತಮ್ಮನ ಜೊತೆ ಮಾತು ಬಿಟ್ಟು ನಾಲ್ಕು ವರ್ಷ. 'ಇನ್ನೂ ಬಿಟ್ಟಿಲ್ಲಪ್ಪ' ಅಂದೆ.

ಯಾರೂ ಬುದ್ಧಿ ಹೇಳಲಿಲ್ಲ. ಓದು ಬಾರದ ಅಜ್ಜಿಯೊಬ್ಬರು ತಮ್ಮನ ಹೆಸರು ಕೇಳಿ ತಿಳಿದು, ಹೆಸರು ಹಿಡಿದೇ ಪ್ರಾರ್ಥಿಸಿದರು. ಆ ಹೆಸರು ನಮ್ಮ ಮನೆಯಲ್ಲಿ ಕೇಳಿಸಿ ಎಷ್ಟು ಕಾಲವಾಗಿತ್ತು!

ಎಲ್ಲರೂ ಹೋದ ಮೇಲೆ ಫೋನಿನಲ್ಲಿ ಅವನ ನಂಬರ್ ಹುಡುಕಿದೆ. ಅಳಿಸಿರಲಿಲ್ಲ.