ಹದಿನೈದನೆಯ ದಿನದ ಬೆಳಗು

ಮನೆ ಎಂಬುದು ಎರಡಕ್ಷರದ ಪದ. ಆ ಎರಡಕ್ಷರಕ್ಕಾಗಿ ಮಾನವನು ತನ್ನ ಆಯುಷ್ಯದ ಬಹುಭಾಗವನ್ನು ಸವೆಸುತ್ತಾನೆ. ಸಾಲ ಮಾಡುತ್ತಾನೆ, ಸಾಲ ತೀರಿಸುತ್ತಾನೆ, ಕೊನೆಗೆ ಅದೇ ಮನೆಗೆ ಕಾವಲುಗಾರನಾಗಿ ಉಳಿಯುತ್ತಾನೆ. ಅಮೆರಿಕ ದೇಶದಲ್ಲಿ ಈ ಬಂಧನವನ್ನು ಕಳಚಿ, ಇದ್ದ ಮನೆಯನ್ನು ಮಾರಿ, ಚಕ್ರಗಳ ಮೇಲಿನ ಮನೆಯಲ್ಲಿ ವರ್ಷದುದ್ದಕ್ಕೂ ಬಾಳುವ ಜನರಿದ್ದಾರೆ. ಆರ್‌.ವಿ. ಎಂದು ಕರೆಯಲಾಗುವ ಆ ವಾಹನದೊಳಗೆ ಒಲೆ, ಮಂಚ, ಸ್ನಾನದ ಕೋಣೆ, ಶೌಚಾಲಯ ಎಲ್ಲವೂ ಉಂಟು. ಅದನ್ನು ನಿಲ್ಲಿಸಲು ನೆಲವೊಂದು ಮಾತ್ರ ಬೇಕು. ಆ ನೆಲ ಯಾವಾಗಲೂ ಪರರದು.

ಇಂಥವರ ಬಗ್ಗೆ ಕೇಳಿದೊಡನೆ ಶರಣ ಪರಂಪರೆಯಲ್ಲಿ ಬೆಳೆದವರಿಗೆ ಜಂಗಮ ಎಂಬ ಪದ ನೆನಪಾಗುವುದು ಸಹಜ. ಆದರೆ ಅವಸರದ ಹೋಲಿಕೆ ಸಲ್ಲದು. ಜಂಗಮನು ನಾಳಿನ ಬಿಡಾರವನ್ನು ಇಂದೇ ಕಾಯ್ದಿರಿಸುವುದಿಲ್ಲ. ಇವರಾದರೋ ಎರಡು ತಿಂಗಳು ಮುಂಚಿತವಾಗಿಯೇ ದಿನಾಂಕ ಗೊತ್ತುಪಡಿಸಿಕೊಳ್ಳದಿದ್ದರೆ ಚಳಿಗಾಲದಲ್ಲಿ ಬೆಚ್ಚನೆಯ ಸೀಮೆಯಲ್ಲಿ ಜಾಗವೇ ಸಿಗದು.

ದಿನದ ಬಾಡಿಗೆಯಿಂದ ಪಾರಾಗಲು ಇವರಲ್ಲಿ ಅನೇಕರು ಸದಸ್ಯತ್ವದ ಕ್ಯಾಂಪ್‌ಗ್ರೌಂಡುಗಳನ್ನು ಆಶ್ರಯಿಸುತ್ತಾರೆ. ಇವುಗಳಲ್ಲಿ ಹೆಸರಾದದ್ದು ಥೌಸಂಡ್ ಟ್ರೇಲ್ಸ್. ಬೋಯಿಂಗ್ ಕಂಪನಿಯಲ್ಲಿ ಕೆಲಸ ಮಾಡಿದ್ದ ಮಿಲ್ಟನ್ ಕ್ಯೂಲ್ಟ್ ಎಂಬವರು 1969ರಲ್ಲಿ ವಾಷಿಂಗ್ಟನ್ ರಾಜ್ಯದ ಶಹೇಲಿಸ್‌ನಲ್ಲಿ ಇದನ್ನು ಆರಂಭಿಸಿದರು. ಇಂದು ಆ ದೇಶದಲ್ಲಿ ಸುಮಾರು 80 ಬಿಡಾರಗಳು ಇದರ ಅಡಿಯಲ್ಲಿವೆ. ವರ್ಷಕ್ಕೊಮ್ಮೆ ಶುಲ್ಕ ಕಟ್ಟಿದವರು ತಮ್ಮ ವಲಯದ ಬಿಡಾರಗಳಲ್ಲಿ ತಂಗಬಹುದು. ನೀರು, ವಿದ್ಯುತ್ತು ದೊರೆಯುತ್ತವೆ, ಹಲವೆಡೆ ಕೊಳಚೆ ಸಾಗಿಸುವ ನಳಿಕೆಯೂ ಇರುತ್ತದೆ. ಸಾಮಾನ್ಯ ಸದಸ್ಯತ್ವದ ಬಹುಕಾಲದ ನಿಯಮವೇನೆಂದರೆ, ಒಂದೆಡೆ ಹೆಚ್ಚೆಂದರೆ 14 ರಾತ್ರಿ. ಅನಂತರ 7 ರಾತ್ರಿ ಆ ವ್ಯವಸ್ಥೆಯ ಹೊರಗೇ ಕಳೆಯಬೇಕು. ನಾಲ್ಕು ರಾತ್ರಿಯೊಳಗೆ ಹೊರಟವರಿಗೆ ಈ ಬಿಡುವಿನ ಕಟ್ಟಳೆ ಇಲ್ಲ. ಹೆಚ್ಚು ಹಣ ತೆತ್ತವರು ಮೂರು ವಾರ ಇದ್ದು, ನೇರವಾಗಿ ಮತ್ತೊಂದು ಬಿಡಾರಕ್ಕೆ ಹೋಗಬಹುದು. ನಮ್ಮ ಧರ್ಮಛತ್ರಗಳಲ್ಲಿಯೂ ಮೂರು ದಿನದ ಮೇಲೆ ಇರಕೂಡದೆಂಬ ಕಟ್ಟಳೆ ಇತ್ತಲ್ಲವೇ? ಎಲ್ಲರಿಗೂ ಸರದಿ ಸಿಗಬೇಕಾದರೆ ಯಾರಾದರೂ ಏಳಲೇಬೇಕು. ನಿಯಮದಲ್ಲಿ ಅನ್ಯಾಯವಿಲ್ಲ.

ಟೆಕ್ಸಸ್ ರಾಜ್ಯದ ಪೂರ್ವಭಾಗದಲ್ಲಿ, ಪೈನ್ ಮರಗಳ ನಡುವಿನ ಇಂಥದೊಂದು ಬಿಡಾರದಲ್ಲಿ ವೃದ್ಧ ದಂಪತಿಗಳಿಬ್ಬರಿದ್ದರು. ಮನೆ ಮಾರಿ ಒಂಬತ್ತು ವರ್ಷ ಕಳೆದಿತ್ತು. 34 ಅಡಿ ಉದ್ದದ ಮೋಟಾರ್‌ಹೋಮೇ ಅವರ ಸಂಸಾರ. ಹದಿನೈದನೆಯ ದಿನದ ಬೆಳಿಗ್ಗೆ ಹೊರಡುವ ಸಿದ್ಧತೆಯನ್ನು ಅವರು ಪೂಜಾವಿಧಿಯಂತೆ ಕ್ರಮ ತಪ್ಪದೆ ನೆರವೇರಿಸುತ್ತಿದ್ದರು. ಮೊದಲು ಶೌಚದ ತೊಟ್ಟಿಯನ್ನು ಬರಿದು ಮಾಡಬೇಕು, ಆಮೇಲೆ ಪಾತ್ರೆ ತೊಳೆದ ನೀರಿನ ತೊಟ್ಟಿಯನ್ನು; ಈ ಎರಡನೆಯ ನೀರಿನಿಂದ ಕೊಳವೆ ತಾನೇ ತೊಳೆದುಕೊಳ್ಳುತ್ತದೆ. ಈ ಕ್ರಮವನ್ನು ತಿರುಗಿಸಿದವನು ಒಂದೇ ಸಲ ತಿರುಗಿಸುತ್ತಾನೆ! ಬಳಿಕ ನೀರಿನ ಪೈಪನ್ನು ಸುತ್ತಿಡುವುದು, ವಿದ್ಯುತ್ತಿನ ತಂತಿ ಕಳಚುವುದು, ಹೊರಕ್ಕೆ ಚಾಚಿದ ಕೋಣೆಯ ಗೋಡೆಯನ್ನು ಒಳಕ್ಕೆ ಸರಿಸುವುದು, ನೆಲಕ್ಕೆ ಊರಿದ ಕಬ್ಬಿಣದ ಕಾಲುಗಳನ್ನು ಮೇಲೆತ್ತುವುದು. ಪತಿಯು ಚಾಲಕನ ಆಸನದಲ್ಲಿ ಕೂಡುವನು. ಪತ್ನಿಯು ಹಿಂದೆ ನಿಂತು ಕೈಸನ್ನೆ ಮಾಡುವಳು.

ಆ ವರ್ಷ ಪತಿಯ ಕಣ್ಣು ಮಸುಕಾಗತೊಡಗಿತ್ತು. ಅಂಚುಗಳು ಕಾಣುತ್ತಿದ್ದವು, ನಡುವೆ ಇರುವುದು ಕಾಣುತ್ತಿರಲಿಲ್ಲ. ರಸ್ತೆಯ ಫಲಕಗಳನ್ನು ಆಕೆ ಮೆಲ್ಲನೆ ಓದಿ ಹೇಳುತ್ತಿದ್ದಳು. ಆತ ತನಗೂ ಕಂಡಿತೆಂಬಂತೆ ತಲೆಯಾಡಿಸುತ್ತಿದ್ದ. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡಲಿಲ್ಲ. ರಸ್ತೆಯ ಮೇಲೆ ಪರರ ಪ್ರಾಣವೂ ಇರುತ್ತದೆಂಬ ಎಚ್ಚರ ಆಗ ಅವರಲ್ಲಿ ಮೂಡಬೇಕಿತ್ತು. ಈ ಮೌನ ಕ್ಷಮಿಸತಕ್ಕದ್ದಲ್ಲ.

ಆದರೂ ಆ ಮೌನದ ಕಾರಣವನ್ನು ಅರಿಯಬೇಕು. ಸ್ಥಿರವಾದ ಮನೆಯಲ್ಲಿ ಇರುವವನಿಗೆ ಕಣ್ಣು ಹೋದರೆ ಮನೆ ಉಳಿಯುತ್ತದೆ. ಗೋಡೆ ತಡವಿಕೊಂಡಾದರೂ ಬಾಳಬಹುದು. ಸದಸ್ಯತ್ವದ ಬಿಡಾರದಲ್ಲಿ ಹಾಗಲ್ಲ. ಅಲ್ಲಿ ಇರುವ ಹಕ್ಕು ಎದ್ದು ಹೋಗುವ ಶಕ್ತಿಯ ಮೇಲೆ ನಿಂತಿದೆ. ಹದಿನೈದನೆಯ ದಿನ ಗಾಡಿ ಓಡಿಸಲಾರದವನಿಗೆ ಹದಿನಾಲ್ಕು ದಿನಗಳ ನೆಲವೂ ಇಲ್ಲ. ಅಂಥ ವರ್ಷದಲ್ಲಿಯೂ ಶುಲ್ಕದ ಚೀಟಿ ಮಾತ್ರ ತಪ್ಪದೆ ಬರುತ್ತದೆ. ಹೊರಗಿನ ಏಳು ರಾತ್ರಿಗಳನ್ನು ಅವರು ಸೈನ್ಯದ ಎಂಜಿನಿಯರುಗಳ ವಿಭಾಗದವರು ಜಲಾಶಯಗಳ ದಂಡೆಯಲ್ಲಿ ನಡೆಸುವ ಬಿಡಾರಗಳಲ್ಲಿ ಕಳೆಯುತ್ತಿದ್ದರು. 62 ವರ್ಷ ತುಂಬಿದ ನಾಗರಿಕರಿಗೆ ಕೇಂದ್ರ ಸರ್ಕಾರದ ಪಾಸ್ ಇದ್ದರೆ ಅಲ್ಲಿ ಅರ್ಧ ದರ. ಅಗ್ಗವೇನೋ ಹೌದು, ಆದರೆ ಅಲ್ಲಿಗೂ ಓಡಿಸಿಕೊಂಡೇ ಹೋಗಬೇಕು.

ಒಂದು ಸಲ ಗಾಡಿ ಹಿಂದಕ್ಕೆ ಸರಿಯುವಾಗ ವಿದ್ಯುತ್ತಿನ ಕಂಬಕ್ಕೆ ಗೇಣುದ್ದ ದೂರದಲ್ಲಿ ನಿಂತಿತು. ಪಕ್ಕದ ಬಿಡಾರದಾಕೆ ಓಡಿ ಬಂದು ಕೂಗಿ ನಿಲ್ಲಿಸಿದ್ದಳು. ಆಕೆ ಆತನನ್ನು ಗದರಲಿಲ್ಲ. ಸಂಜೆ ಕುರ್ಚಿ ತಂದು ಅವರ ಬಾಗಿಲಲ್ಲಿ ಕುಳಿತು, ಲಿವಿಂಗ್‌ಸ್ಟನ್ ಊರನ್ನು ನೋಡಿದ್ದೀರಾ ಎಂದು ಕೇಳಿದಳು.

ಅದೇ ಸೀಮೆಯ ಆ ಊರಿನಲ್ಲಿ ಎಸ್ಕೇಪೀಸ್ ಎಂಬ ಸಂಚಾರಿಗಳ ಸಂಘದ ಕೇಂದ್ರವಿದೆ. ಜೋ ಮತ್ತು ಕೇ ಪೀಟರ್ಸನ್ ದಂಪತಿಗಳು 1978ರಲ್ಲಿ ಸ್ಥಾಪಿಸಿದ ಸಂಘವದು. ಸ್ಥಿರ ವಿಳಾಸವಿಲ್ಲದ ಸಾವಿರಾರು ಜನರ ಅಂಚೆಯನ್ನು ಅದು ಬರಮಾಡಿಕೊಂಡು, ಅವರಿರುವಲ್ಲಿಗೆ ಕಳುಹಿಸುತ್ತದೆ. ಆದರೆ ಆ ದಂಪತಿಗಳಿಗೆ ಬೇಕಾಗಿದ್ದ ಸಂಗತಿ ಬೇರೆ. ಸಂಘದ ಬಿಡಾರಕ್ಕೆ ಹೊಂದಿಕೊಂಡು ಕೇರ್ ಎಂಬ ಆಶ್ರಯವೊಂದಿದೆ. ವಯಸ್ಸು ಅಥವಾ ರೋಗದಿಂದ ಪ್ರಯಾಣ ನಿಂತವರು ಅಲ್ಲಿ ತಮ್ಮ ತಮ್ಮ ವಾಹನದಲ್ಲಿಯೇ ವಾಸಿಸುತ್ತಾರೆ. ಊಟ ಸಿಗುತ್ತದೆ, ವೈದ್ಯರ ಬಳಿಗೆ ಕರೆದೊಯ್ಯುವವರಿರುತ್ತಾರೆ, ಹಗಲಿನ ಆರೈಕೆ ಇರುತ್ತದೆ. ಸಂಚಾರವನ್ನೇ ಬಾಳಾಗಿಸಿಕೊಂಡವರು ತಮ್ಮಂಥವರು ಒಂದು ದಿನ ನಿಲ್ಲಬೇಕಾಗುತ್ತದೆಂದು ಮೊದಲೇ ಯೋಚಿಸಿದ್ದು ದೊಡ್ಡ ಮಾತು.

ದಂಪತಿಗಳು ಹೋಗಿ ನೋಡಿ ಬಂದರು. ಆ ನೆರೆಯಾಕೆಯೇ ತನ್ನ ಕಾರಿನಲ್ಲಿ ಕರೆದೊಯ್ದಳು. ಅಲ್ಲಿನ ವಾಹನಗಳ ಚಕ್ರದ ಸುತ್ತ ಹುಲ್ಲು ಬೆಳೆದಿದ್ದನ್ನು ಪತ್ನಿ ನೋಡಿದಳು; ಕಿಟಕಿಗಳಲ್ಲಿ ಹೂವಿನ ಕುಂಡಗಳಿದ್ದವು. ಮರಳುವ ದಾರಿಯಲ್ಲಿ ಆಕೆ ಒಂಬತ್ತು ವರ್ಷಗಳಲ್ಲಿ ಆಡದ ಮಾತನ್ನು ಆಡಿದಳು: ಇನ್ನು ಮೇಲೆ ಗಾಡಿಯ ಚಕ್ರ ತನ್ನ ಕೈಗೆ. ಅದೂ ಸಾಧ್ಯವಾಗದ ದಿನ ಲಿವಿಂಗ್‌ಸ್ಟನ್. ಆತ ಬಹಳ ಹೊತ್ತು ಏನೂ ಹೇಳಲಿಲ್ಲ. ಊರಿನ ಅಂಗಡಿ ಸಾಲಿನ ದೀಪಗಳು ಕಂಡಾಗ, ಎಡಗಡೆಯ ಕನ್ನಡಿಯನ್ನು ನಿನ್ನ ಎತ್ತರಕ್ಕೆ ತಿರುಗಿಸಿಕೊಳ್ಳಬೇಕು ಎಂದ.

ಭಾನುವಾರ ಬೆಳಿಗ್ಗೆ ಚರ್ಚಿನ ಹಿಂದಿನ ಖಾಲಿ ಬಯಲಿನಲ್ಲಿ, ಅವರ ಅಪ್ಪಣೆ ಪಡೆದು, ಕಲಿಕೆ ನಡೆಯಿತು. ಆತ ಪಕ್ಕದಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ: ಹಿಂದಿನ ಭಾಗ ಮುಂದಿನದಕ್ಕಿಂತ ಹೊರಗೆ ಬೀಸುತ್ತದೆ, ತಿರುವಿನಲ್ಲಿ ಇನ್ನೂ ಮುಂದೆ ಹೋಗು, ಈಗ ತಿರುಗಿಸು. ಗಾಡಿಯ ಉದ್ದ ಆತನ ಮೈಗೆ ಗೊತ್ತಿತ್ತು. ಹದಿನೈದನೆಯ ದಿನ ಆಕೆಯೇ ಓಡಿಸಿದಳು, ಕೇವಲ ನಲವತ್ತು ಮೈಲಿ, ಹೆದ್ದಾರಿ ತಪ್ಪಿಸಿ. ಜಲಾಶಯದ ದಂಡೆಯ ಜಾಗಕ್ಕೆ ಹಿಂದಕ್ಕೆ ಸರಿಸುವಾಗ ಎರಡು ಸಲ ತಪ್ಪಿತು. ಅಲ್ಲಿದ್ದ ಅಪರಿಚಿತನೊಬ್ಬ ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟು, ಹಿಂದೆ ನಿಂತು ಸನ್ನೆ ಮಾಡಿದ. ಮೂರನೆಯ ಸಲ ಗಾಡಿ ನೆಟ್ಟಗೆ ನಿಂತಿತು. ಪತಿಯು ಇಳಿದು, ವಿದ್ಯುತ್ ಪೆಟ್ಟಿಗೆಯನ್ನು ಕೈತಡವಿ ಹುಡುಕಿ, ತಂತಿಯನ್ನು ಸಿಕ್ಕಿಸಿದ.